ಕಮಲಾಕ್ಷಿಯ ಕ್ಷಿ

ಸಂತೋಷ ಅನ್ನುವುದು ಬಹಳ ಅಪಾಯದ ವಸ್ತು. ದುಃಖ ಬಂದವರು ಒಂದು ಮೂಲೆ ಹಿಡಿದು ಕೂರುತ್ತಾರೆ, ಅವರಿಂದ ಯಾರಿಗೂ ತೊಂದರೆಯಿಲ್ಲ. ಸಂತೋಷ ಉಕ್ಕಿ ಬಂದವರನ್ನು ಮಾತ್ರ ಕಣ್ಣಿಟ್ಟು ಕಾಯಬೇಕು, ಏಕೆಂದರೆ ಅವರ ಕೈ ಸುಮ್ಮನಿರುವುದಿಲ್ಲ. ನನ್ನನ್ನೇ ನೋಡಿ. ಮೊಮ್ಮಗಳು ಹುಟ್ಟಿದ ಸುದ್ದಿ ಬಂದ ದಿನ ಪಾಯಸಕ್ಕೆ ಒಮ್ಮೆ ಬೆಲ್ಲ ಹಾಕಿದೆ, ಮರೆತು ಇನ್ನೊಮ್ಮೆ ಸಕ್ಕರೆ ಹಾಕಿದೆ, ಕೊನೆಗೆ ಸಾರಿಗೆ ತೆಗೆದಿಟ್ಟಿದ್ದ ಉಪ್ಪನ್ನೂ ಅದಕ್ಕೇ ಸುರಿದೆ. ನಮ್ಮ ಯಜಮಾನರು ಒಂದು ಲೋಟ ಕುಡಿದು, "ಹುಡುಗಿ ಚೆನ್ನಾಗಿರ್ಲಿ" ಎಂದಷ್ಟೇ ಹೇಳಿ ಎದ್ದುಹೋದರು. ಪುಣ್ಯಾತ್ಮರು.

ಆ ಹುಡುಗಿಗೆ ಚಿತ್ರಾ ಎಂದು ಹೆಸರಿಟ್ಟವಳು ನಾನು. ಅವಳು ಹೆಸರಿನ ಮಾನ ಉಳಿಸಿದಳು. ಕೈಗೆ ಬಳಪ ಸಿಕ್ಕಿದ್ದೇ ತಡ, ಗೋಡೆ, ಬಾಗಿಲು, ನನ್ನ ಹೊಲಿಗೆ ಮೆಷಿನ್ನಿನ ಹಲಗೆ, ಮಧ್ಯಾಹ್ನ ಮಲಗಿದ್ದ ತಾತನ ಬೆನ್ನು, ಯಾವುದನ್ನೂ ಬಿಡದೆ ಬರೆದಳು. ದೊಡ್ಡವಳಾಗಿ ಚಿತ್ರಕಲೆ ಓದಿದಳು. ಓದು ಮುಗಿಸಿ ಬಂದವಳು, "ಅಜ್ಜಿ, ನಾನು ಹಚ್ಚೆ ಹಾಕೋ ಅಂಗಡಿ ಇಡ್ತೀನಿ" ಎಂದಾಗ ಅವಳ ಅಮ್ಮ, ಅಂದರೆ ನನ್ನ ಮಗಳು, ಮಲ್ಲೇಶ್ವರದ ಮನೆಯಲ್ಲಿ ಎರಡು ದಿನ ಒಲೆ ಹಚ್ಚಲಿಲ್ಲ. ಯಜಮಾನರು ಹೋದ ಮೇಲೆ ಒಬ್ಬಳೇ ಇದ್ದ ನನಗೋ ಆಕಾಶ ಮೂರೇ ಗೇಣು. "ನನ್ನ ಟೈಲರಿಂಗ್ ರೂಮು ಖಾಲಿ ಬಿದ್ದಿದೆ, ಬಂದ್ಬಿಡು" ಎಂದೆ. ಎನ್.ಆರ್. ಕಾಲೋನಿಯ ನಮ್ಮ ಮನೆಯ ಮುಂದಿನ ಆ ರೂಮಿನಲ್ಲಿ ಮೂವತ್ತು ವರ್ಷ ನಾನು ರವಿಕೆ ಹೊಲಿದಿದ್ದೇನೆ. ನಾನು ಬಟ್ಟೆಗೆ ಚುಚ್ಚಿದೆ, ಅವಳು ಚರ್ಮಕ್ಕೆ ಚುಚ್ಚುತ್ತಾಳೆ. ಮನೆತನದ ಕಸುಬು ಮುಂದುವರಿಯಿತು ಎಂದು ನಾನು ಹೇಳಿದರೆ ನನ್ನ ಮಗಳು ಹಣೆ ಚಚ್ಚಿಕೊಂಡಳು.

ಹಚ್ಚೆ ನನಗೆ ಹೊಸದಲ್ಲ. ನನ್ನ ಬಲ ಮುಂಗೈ ಮೇಲೆ ಮೂರು ಚುಕ್ಕೆ, ಒಂದು ತುಳಸಿಕಟ್ಟೆ ಇವೆ. ನಾನು ಚಿಕ್ಕವಳಿದ್ದಾಗ ಗವಿಪುರದ ಕಡೆ ಒಬ್ಬ ಹೆಂಗಸು ಮರದ ಕೆಳಗೆ ಕೂತು ಹಾಕಿದ್ದು. ಅವಳ ಹತ್ತಿರ ಇದ್ದದ್ದು ಸೂಜಿ, ದೀಪದ ಕಾಡಿಗೆ, ಯಾವುದೋ ಸೊಪ್ಪಿನ ರಸ, ಮತ್ತೆ ನಾನು ಅಳದಿರಲಿ ಎಂದು ಹೇಳುತ್ತಿದ್ದ ಒಂದು ಹಾಡು. ಅವಳಿಗೆ ಕರೆಂಟು ಹೋಗುವ ಭಯವಿರಲಿಲ್ಲ. ಆದರೆ ತುಳಸಿಕಟ್ಟೆಯಲ್ಲಿ ತುಳಸಿ ಸ್ವಲ್ಪ ಎಡಕ್ಕೆ ವಾಲಿದೆ, ನಾನು ಕೈ ಎಳೆದುಕೊಂಡಿದ್ದರಿಂದ.

ಚಿತ್ರಾ ತಂದ ಮೆಷಿನ್ನು ಹೊರದೇಶದ್ದು. "ಇದು ರೋಟರಿ ಅಜ್ಜಿ" ಎಂದಳು. ನಾನು ಓದಿದ್ದು ಮೂರನೇ ಕ್ಲಾಸು. ಪಕ್ಕದ ಮನೆಯವರಿಗೆಲ್ಲ ಮೊಮ್ಮಗಳು ರೊಟ್ಟಿ ಮೆಷಿನ್ನು ತಂದಿದ್ದಾಳೆ ಎಂದು ಹೇಳಿ ಬಂದೆ. ಇಬ್ಬರು ಹಿಟ್ಟು ಕಲಸಿಕೊಂಡು ಬಂದೇಬಿಟ್ಟರು. ಆಮೇಲೆ ಅವಳು ಬಿಚ್ಚಿ ತೋರಿಸಿದಾಗ ನನಗೆ ನಗು ಬಂತು. ಒಳಗೆ ಒಂದು ಚಿಕ್ಕ ಮೋಟಾರು. ಅದು ಗರಗರ ತಿರುಗಿದರೆ ತುದಿಯಲ್ಲಿ ಸೂಜಿ ಮೇಲೆ ಕೆಳಗೆ ಆಡುತ್ತದೆ. ಮೋಟಾರಿನಿಂದ ಒಂದು ವೈರು ಮೇಜಿನ ಮೇಲಿನ ಡಬ್ಬಿಗೆ, ಡಬ್ಬಿಯಿಂದ ಇನ್ನೊಂದು ವೈರು ಕಾಲಿನ ಕೆಳಗಿನ ಪೆಡಲಿಗೆ. ಗೋಡೆಯ ಕರೆಂಟನ್ನು ಡಬ್ಬಿ ಸಣ್ಣದು ಮಾಡಿ ಮೋಟಾರಿಗೆ ಕೊಡುತ್ತದೆ. ಎಷ್ಟು ಕೊಡುತ್ತಿದೆ ಎಂದು ಅದರ ಮೂತಿಯ ಮೇಲೆ ಕೆಂಪು ಅಂಕಿಯಲ್ಲಿ ಬರುತ್ತದೆ. ಪೆಡಲ್ ತುಳಿದರೆ ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ. "ಇದು ನನ್ನ ಹೊಲಿಗೆ ಮೆಷಿನ್ನೇ ಕಣೇ, ಮಗು ರೂಪದಲ್ಲಿದೆ" ಎಂದೆ.

ಮೊದಲ ಎರಡು ತಿಂಗಳು ಗಿರಾಕಿಯಿಲ್ಲ. ಕೈ ಪಳಗಲಿ ಎಂದು ಚಿತ್ರಾ ತರಕಾರಿ ಮೇಲೆ ಹಚ್ಚೆ ಹಾಕಿದಳು. ಬಾಳೆಹಣ್ಣಿನ ಮೇಲೆ ಚಿಟ್ಟೆ, ಸಿಹಿಗುಂಬಳದ ಮೇಲೆ ನವಿಲು, ಚಕ್ಕೋತದ ಮೇಲೆ ಗಣಪತಿ. ಗಣಪತಿಯನ್ನು ಕಸಕ್ಕೆ ಹಾಕಲಾಗದೆ ದೇವರ ಮನೆಯಲ್ಲಿಟ್ಟೆ, ಅದು ಅಲ್ಲಿಯೇ ಕೊಳೆಯಿತು. ರಸ್ತೆ ತಿರುವಿನಲ್ಲಿ ತರಕಾರಿ ಅಂಗಡಿ ಇಟ್ಟಿರುವ ರಂಗಪ್ಪನಿಗೆ ಅನುಮಾನ ಬಂತು. "ಅಮ್ಮಾ, ಒಬ್ರೇ ಇರೋ ಮನೆಗೆ ವಾರಕ್ಕೆ ನಾಕು ಕುಂಬಳಕಾಯಾ?" ಎಂದು ಕೇಳಿದ. ನಿಜ ಹೇಳಿದೆ. ರಂಗಪ್ಪ ತಕ್ಕಡಿ ಕೆಳಗಿಟ್ಟು, ದನಿ ತಗ್ಗಿಸಿ, "ಹೆಸರು ಬರೀತಾರಾ? ನಮ್ಮನೆಯವಳದ್ದು?" ಎಂದ. ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬುವ ದಿನ ಹತ್ತಿರ ಬಂದಿತ್ತಂತೆ. ಹೆಂಡತಿಗೆ ಹೇಳದೆ ಹೆಸರು ಬರೆಸಿಕೊಂಡು ಹೋಗಿ ತೋಳು ತೋರಿಸಬೇಕೆಂದು ಅವನ ಆಸೆ. ಹೆಸರು ಕಮಲಾಕ್ಷಿ.

ಹೀಗೆ ರಂಗಪ್ಪ ನನ್ನ ಮೊಮ್ಮಗಳ ಮೊಟ್ಟಮೊದಲ ಗಿರಾಕಿಯಾದ. ದಸರಾ ಮುಗಿದು ಎರಡು ವಾರವಾಗಿತ್ತು. ಬೆಳಿಗ್ಗೆ ವ್ಯಾಪಾರ ಇಳಿದ ಮೇಲೆ, "ಒಂದೈದು ನಿಮಿಷ ಬರ್ತೀನಿ" ಎಂದು ಹೆಂಡತಿಯನ್ನು ಅಂಗಡಿಯಲ್ಲಿ ಕೂರಿಸಿ ಬಂದ. ಚಿತ್ರಾ ಕೈಗೆ ರಬ್ಬರ್ ಗವಸು ಹಾಕಿ, ಹೊಸ ಸೂಜಿಯ ಪೊಟ್ಟಣ ಅವನ ಎದುರಿಗೇ ಹರಿದು, ತೋಳನ್ನು ಸ್ಪಿರಿಟ್ಟಿನಿಂದ ಒರೆಸಿ, ನೇರಳೆ ಬಣ್ಣದಲ್ಲಿ ಕಮಲಾಕ್ಷಿ ಎಂದು ದುಂಡಗೆ ಬರೆದಳು. ಆಮೇಲೆ ಅದರ ಮೇಲೆ ಮೆಷಿನ್ನು ಓಡಿಸತೊಡಗಿದಳು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಹೊಲಿಗೆ ಎಷ್ಟು ಒಪ್ಪವಾಗಿ ಬೀಳುತ್ತಿತ್ತು! ಕ ಆಯಿತು, ಮ ಆಯಿತು, ಲಾ ದೀರ್ಘವೂ ಆಯಿತು. ಕ್ಷಿಯ ಮೇಲೆ ಸೂಜಿ ಇಟ್ಟಳು. ಮೆಷಿನ್ನು ಒಂದು ಸಲ ಕೆಮ್ಮಿತು, ನಿಂತಿತು.

ರಂಗಪ್ಪ ಕಣ್ಣು ಬಿಟ್ಟು ತೋಳು ನೋಡಿಕೊಂಡ. "ಯಾಕೆ ತಾಯಿ, ಫಾರಿನ್ ಮೆಷಿನ್ನಿಗೆ ಒತ್ತಕ್ಷರ ಬರಲ್ವಾ?" ಎಂದ. ನನಗೆ ಮೆಷಿನ್ನಿನ ಮೇಲೆ ಕನಿಕರ ಹುಟ್ಟಿತು. ನಾನು ಶಾಲೆ ಬಿಟ್ಟದ್ದೂ ಒತ್ತಕ್ಷರ ಬಂದಾಗಲೇ.

ಚಿತ್ರಾ ಇನ್ನೊಮ್ಮೆ ತುಳಿದಳು. ಏನೂ ಇಲ್ಲ. ಫ್ಯಾನು ತಿರುಗುತ್ತಿತ್ತು, ಆದ್ದರಿಂದ ಮನೆಯಲ್ಲಿ ಕರೆಂಟಿತ್ತು. ಡಬ್ಬಿಯ ಮೇಲೆ ಏಳೂವರೆ ಎಂದು ಕೆಂಪು ಅಂಕಿ ಉರಿಯುತ್ತಲೇ ಇತ್ತು, ಆದ್ದರಿಂದ ಡಬ್ಬಿಗೂ ಬಂದಿತ್ತು. ಮೆಷಿನ್ನಿಗೆ ಮಾತ್ರ ತಲುಪುತ್ತಿಲ್ಲ. ಅವಳು ವೈರಿನ ಕೊಕ್ಕೆಗಳನ್ನು ಅಲುಗಾಡಿಸಿದಳು, ಬಿಚ್ಚಿ ಒರೆಸಿ ಹಾಕಿದಳು, ಇನ್ನೊಂದು ಹೊಸ ವೈರು ಹಾಕಿದಳು. ಊಹೂಂ. ಅಷ್ಟರಲ್ಲಿ ರಂಗಪ್ಪನ ಮುಖದಿಂದ ಬೆವರು ಇಳಿದು ತೋಳಿನ ತನಕ ಬಂದಿತ್ತು. ಪಾಪ ಅನ್ನಿಸಿ, ಒದ್ದೆ ಬಟ್ಟೆ ತಂದು ಮುಖ ಒರೆಸಿಕೊಳ್ಳಲು ಕೊಡುವವಳು, ತೋಳಿನ ಮೇಲೆ ಏನೋ ನೇರಳೆ ಕೊಳೆ ಕಂಡಿತೆಂದು ನಾನೇ ಒರೆಸಿಬಿಟ್ಟೆ.

"ಅಜ್ಜೀ! ಅದು ಕೊಳೆಯಲ್ಲ, ಕ್ಷಿ!" ಎಂದು ಚಿತ್ರಾ ಕಿರುಚಿದಳು.

ಈಗ ರಂಗಪ್ಪನ ತೋಳಿನ ಮೇಲೆ ಕಮಲಾ ಎಂದಷ್ಟೇ ಉಳಿಯಿತು. ಅವನು ಕುರ್ಚಿಯಿಂದ ಎದ್ದೇಬಿಟ್ಟ. "ಅಮ್ಮಾ, ಈ ಕೈ ಇಟ್ಕೊಂಡು ನಾನು ಮನೆಗೆ ಹೋಗಕಾಗಲ್ಲ" ಎಂದ. "ಯಾಕಪ್ಪಾ, ಕಮಲಾ ಅಂದ್ರೂ ನಿಮ್ಮವಳೇ ಅಲ್ವಾ? ಮುದ್ದಿಗೆ ಕರೆದ ಹಾಗಾಯ್ತು" ಎಂದೆ. ರಂಗಪ್ಪ ಗೋಡೆ ನೋಡಿದ, ಫ್ಯಾನು ನೋಡಿದ, ಆಮೇಲೆ ಬಾಯಿ ಬಿಟ್ಟ. ಕಮಲಾ ಎಂದರೆ ಅವನ ಸೋದರಮಾವನ ಮಗಳು. ಹುಟ್ಟಿದಾಗಿನಿಂದ ಇವನಿಗೇ ಎಂದು ಮಾತಾಗಿತ್ತಂತೆ. ಮಾವನಿಗೂ ಇವನ ಅಪ್ಪನಿಗೂ ಜಗಳವಾಗಿ ಮಾತು ಮುರಿದು, ಕಮಲಾಕ್ಷಿ ಮನೆಗೆ ಬಂದಳು. ಆ ಕಮಲಾ ಬಳೇಪೇಟೆಯಲ್ಲಿ ಗಂಡನ ಜೊತೆ ಬಳೆ ಅಂಗಡಿ ನಡೆಸುತ್ತಾಳೆ. "ಇಪ್ಪತ್ತೈದು ವರ್ಷದಿಂದ ನಮ್ಮನೆಗೆ ಬಳೇಪೇಟೆ ಬಳೆ ಬಂದಿಲ್ಲಮ್ಮಾ. ನಾನು ಆ ಕಡೆ ಮೂಟೆ ಇಳಿಸಕ್ಕೆ ಹೋದ್ರೂ ಯಾವ ರಸ್ತೇಲಿ ಹೋದೆ ಅಂತ ಕೇಳ್ತಾಳೆ" ಎಂದ.

ಚಿತ್ರಾಳ ಮುಖ ಬಾಡಿತು. ಮೊದಲ ಗಿರಾಕಿಯ ಸಂಸಾರವೇ ಒಡೆದರೆ ಎರಡನೆಯವರು ಯಾರು ಬರುತ್ತಾರೆ? ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಮೆಷಿನ್ನು ಮಾರಿದವನನ್ನು ಬಾಯಿಗೆ ಬಂದಂತೆ ಬೈದೆ. "ಯಾವನೋ ಕೆಟ್ಟದ್ದನ್ನ ಕಟ್ಟಿ ಕಳಿಸಿದಾನೆ ಕಣೇ! ಹೆಣ್ಣುಮಗಳು ಅಂತ ಟೋಪಿ ಹಾಕಿದಾನೆ!" ಎಂದೆ. ರಂಗಪ್ಪನೂ ಜೊತೆಗೂಡಿದ. ಇಬ್ಬರೂ ಸೇರಿ ಆ ಕಾಣದ ಮನುಷ್ಯನ ಮೂರು ತಲೆಮಾರು ಜಾಲಾಡಿದೆವು.

ಚಿತ್ರಾ ಜಾಣೆ. ನಾವು ಬೈಯುತ್ತಿದ್ದರೆ ಅವಳು ಒಂದೊಂದೇ ಪರೀಕ್ಷೆ ಮಾಡುತ್ತಿದ್ದಳು. ಸೂಜಿ ಸಿಕ್ಕಿಕೊಂಡಿದೆಯೋ ಎಂದು ಬೆರಳಲ್ಲಿ ತಿರುಗಿಸಿದಳು, ಸಲೀಸಾಗಿ ತಿರುಗಿತು. ಮೋಟಾರು ಸತ್ತಿದೆಯೋ ಎಂದು ನೋಡಲು ನನ್ನ ರೇಡಿಯೋದ ನಾಲ್ಕು ಸೆಲ್ಲು ತೆಗೆದು, "ಅಜ್ಜಿ, ಹೀಗೆ ಸಾಲಾಗಿ ಒತ್ತಿ ಹಿಡ್ಕೋ" ಎಂದು ಎರಡು ತುದಿಗೂ ವೈರು ಮುಟ್ಟಿಸಿದಳು. ಮೆಷಿನ್ನು ಗುರ್ರ್ ಎಂದಿತು! ರಂಗಪ್ಪ ಕೈ ಮುಗಿದ. "ಮೋಟಾರು ಚೆನ್ನಾಗಿದೆ, ವೈರು ಚೆನ್ನಾಗಿದೆ. ಡಬ್ಬೀದೇ ತೊಂದರೆ. ನಂಬರ್ ತೋರಿಸುತ್ತೆ, ಒಳಗೆ ಶಕ್ತಿ ಇಲ್ಲ ಅಷ್ಟೆ" ಎಂದಳು.

"ಪೆಡಲು?" ಎಂದೆ.

"ಅದರಲ್ಲಿ ಏನಿದೆ ಅಜ್ಜಿ ಕೆಡೋದಕ್ಕೆ? ಎರಡು ತಗಡು, ಒಂದು ಸ್ಪ್ರಿಂಗು. ನಾನು ಮಾರಿದವನಿಗೇ ಫೋನ್ ಮಾಡಿ ಕೇಳ್ತೀನಿ" ಎಂದು ಒಳಗೆ ಹೋದಳು.

ಓದಿದವರಿಗೆ ಇದೊಂದು ಅಭ್ಯಾಸ. ತೊಂದರೆ ದೊಡ್ಡದಾದರೆ ಕಾರಣವೂ ದೊಡ್ಡ ಡಬ್ಬಿಯಲ್ಲೇ ಇರಬೇಕು ಅಂದುಕೊಳ್ಳುತ್ತಾರೆ. ನನ್ನ ಹೊಲಿಗೆ ಮೆಷಿನ್ನಿಗೆ ಮೋಟಾರು ಹಾಕಿಸಿದ ಮೇಲೆ ಅದು ನಿಂತಾಗಲೆಲ್ಲ ನಾನು ಮೊದಲು ನೋಡುತ್ತಿದ್ದದ್ದು ಕಾಲಿನ ಕೆಳಗೆ. ದಾರದ ಉಂಡೆ, ಗುಂಡಿ, ಒಮ್ಮೆ ಒಂದು ಕಡಲೆಕಾಯಿ ಸಿಪ್ಪೆ, ಎಲ್ಲ ಅಲ್ಲಿಯೇ ಸಿಕ್ಕಿದ್ದವು. ಪ್ಲಗ್ ಕಿತ್ತು, ನೆಲದ ಮೇಲೆ ಕೂತು, ಪೆಡಲನ್ನು ತೊಡೆಯ ಮೇಲಿಟ್ಟು, ನನ್ನ ಹಳೆಯ ಸ್ಕ್ರೂಡ್ರೈವರಿನಿಂದ ತಳ ಬಿಚ್ಚಿದೆ. ತುಳಿದಾಗ ಒಂದಕ್ಕೊಂದು ಮುಟ್ಟಬೇಕಾದ ಎರಡು ತಗಡುಗಳೂ ಕಂದು ಬಣ್ಣಕ್ಕೆ ತಿರುಗಿ ಅಂಟಂಟಾಗಿದ್ದವು. ಅವುಗಳ ನಡುವೆ, ತೊಟ್ಟಿಲಲ್ಲಿ ಮಲಗಿದ ಹಾಗೆ, ಒಂದು ನಿಂಬೆಹಣ್ಣಿನ ಬೀಜ.

ಆ ಬೀಜ ಅಲ್ಲಿಗೆ ಹೇಗೆ ಬಂತು ಎಂದು ನನಗೊಬ್ಬಳಿಗೇ ಗೊತ್ತು.

ಆಯುಧಪೂಜೆಯ ದಿನ ಚಿತ್ರಾ ಮೊದಲೇ ಎಚ್ಚರಿಸಿದ್ದಳು. "ಅಜ್ಜಿ, ಮೆಷಿನ್ನಿಗೆ ಒಂದು ಹೂವು ಇಡು, ಸಾಕು. ಅರಿಶಿನ ಬೇಡ, ಕುಂಕುಮ ಬೇಡ, ಗಂಧ ಬೇಡ. ಕರೆಂಟಿನ ವಸ್ತು ಅದು" ಎಂದಿದ್ದಳು. ನಾನು ಒಂದಕ್ಷರ ಮೀರಲಿಲ್ಲ. ಅರಿಶಿನ ಕುಂಕುಮ ಗಂಧ ಮೂರನ್ನೂ ದೂರವಿಟ್ಟೆ. ನಿಂಬೆಹಣ್ಣಿನ ಮಾತು ಅವಳು ಎತ್ತಿರಲಿಲ್ಲ. ಅವಳು ಊಟಕ್ಕೆ ಕೈ ತೊಳೆಯಲು ಹೋದಾಗ ನನ್ನ ಮನಸ್ಸು ತಡೆಯಲಿಲ್ಲ. ಬೀದಿಯಲ್ಲಿ ಎಲ್ಲರೂ ಸ್ಕೂಟರು, ಕಾರು, ಟೆಂಪೋಗಳ ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು ಚಟ್ಟೆಂದು ಹತ್ತಿಸುತ್ತಿದ್ದಾರೆ, ನನ್ನ ಮೊಮ್ಮಗಳ ಗಾಡಿಗೆ ಮಾತ್ರ ದೃಷ್ಟಿ ತೆಗೆಯುವುದು ಬೇಡವೇ? ಇದಕ್ಕೆ ಚಕ್ರವೆಲ್ಲಿ ಎಂದು ಹುಡುಕಿದೆ. ಇರಲಿಲ್ಲ. ಪೆಡಲಿತ್ತು. ಅದರ ಕೆಳಗೆ ನಿಂಬೆಹಣ್ಣಿಟ್ಟು, ಸೆರಗು ಸಿಕ್ಕಿಸಿ, ಎರಡು ಕಾಲೂ ಸೇರಿಸಿ ಹತ್ತಿ ನಿಂತೆ. ಚಟ್ಟೆಂದಿತು. ನನಗಾದ ತೃಪ್ತಿ ಹೇಳತೀರದು. ರಸವನ್ನೆಲ್ಲ ಒರೆಸಿ, ಪೆಡಲನ್ನು ಇದ್ದ ಹಾಗೆ ಇಟ್ಟಿದ್ದೆ. ತಳದ ತೂತಿನಿಂದ ಒಂದು ಬೀಜ ಒಳಗೆ ಹಾರಿ, ಎರಡು ವಾರ ಯಾವುದೋ ಮೂಲೆಯಲ್ಲಿ ಕೂತಿದ್ದು, ಸರಿಯಾಗಿ ಕ್ಷಿ ಬರುವಾಗ ಎದ್ದು ಬಂದಿತ್ತು.

ಬೀಜವನ್ನು ಹೆಕ್ಕಿ ಸೊಂಟಕ್ಕೆ ಸಿಕ್ಕಿಸಿಕೊಂಡೆ. ತಗಡು ಉಜ್ಜಿ ಮುಚ್ಚಿಬಿಟ್ಟರೆ ಮುಗಿಯಿತು, "ಧೂಳು ಕೂತಿತ್ತು" ಎಂದರಾಯಿತು ಎಂದು ಲೆಕ್ಕ ಹಾಕಿದೆ. ಅಷ್ಟು ಹೊತ್ತು ಬೈದದ್ದು ಯಾರನ್ನು ಎಂದು ನೆನೆದು ನನಗೇ ನಾಚಿಕೆಯಾಯಿತು. ಒಳಗೆ ಚಿತ್ರಾ ಫೋನಿನಲ್ಲಿ ಅದೇ ಮನುಷ್ಯನನ್ನು ಇಂಗ್ಲಿಷಿನಲ್ಲಿ ಬೈಯುತ್ತಿದ್ದಳು. ಉಪ್ಪುಕಾಗದ ಹುಡುಕೋಣವೆಂದು ಏಳುವಷ್ಟರಲ್ಲಿ ಬಾಗಿಲ ಹತ್ತಿರ ದನಿ ಕೇಳಿಸಿತು. "ಅಮ್ಮಾ, ನಮ್ಮೆಜಮಾನ್ರು ಈ ಕಡೆ ಏನಾದ್ರೂ ಬಂದ್ರಾ? ಐದು ನಿಮಿಷ ಅಂತ ಹೋದವ್ರು ಎರಡು ಗಂಟೆ ಆಯ್ತು."

ಕಮಲಾಕ್ಷಿ! ರಂಗಪ್ಪ ಎಡಗೈಯನ್ನು ಬೆನ್ನ ಹಿಂದೆ ಒಯ್ದ. ಅದೇ ಅವನು ಮಾಡಿದ ತಪ್ಪು. ಮುಂದಿಟ್ಟಿದ್ದರೆ ಇಷ್ಟು ಅನುಮಾನ ಬರುತ್ತಿರಲಿಲ್ಲವೇನೋ.

"ಏನ್ರೀ ಅದು? ಕೈ ತೋರ್ಸಿ."

"ಏನಿಲ್ಲ ಕಣೇ."

"ಏನಿಲ್ದಿದ್ರೆ ತೋರ್ಸಿ!"

ತೋರಿಸಿದ. ಕಮಲಾಕ್ಷಿ ಓದಿದಳು. ಇನ್ನೊಂದು ಸಲ ಓದಿದಳು. "ಓಹೋ, ಕಮಲಾ" ಎಂದಳು. ಕೂಗಲಿಲ್ಲ, ಅಳಲಿಲ್ಲ. ಅದನ್ನು ಕಂಡೇ ನನಗೆ ಹೆದರಿಕೆಯಾಯಿತು.

"ನಿನ್ ಹೆಸರೇ ಕಣೇ! ಅರ್ಧಕ್ಕೆ ಮೆಷಿನ್ನು ನಿಂತೋಯ್ತು!"

"ಹೌದಾ? ಸರಿಯಾಗಿ ಕಮಲಾ ಅಂತ ಬರ್ದು ನಿಂತೋಯ್ತಾ? ಕ ಅಂತ ನಿಲ್ಲಲಿಲ್ಲ, ಕಮ ಅಂತ ನಿಲ್ಲಲಿಲ್ಲ. ಭಾಳ ತಿಳಿದ ಮೆಷಿನ್ನು ಬಿಡಿ!"

ಗಲಾಟೆ ಕೇಳಿ ಚಿತ್ರಾ ಓಡಿಬಂದಳು. "ಆಂಟಿ, ನಿಜವಾಗ್ಲೂ ನಿಮ್ಮ ಹೆಸರೇ. ಡಬ್ಬಿ ಸರಿ ಹೋದ ತಕ್ಷಣ ಕ್ಷಿ ಹಾಕಿಬಿಡ್ತೀನಿ" ಎಂದಳು. "ಈಗ ನಾನು ಬಂದ್ನಲ್ಲಮ್ಮಾ, ಈಗ ಕ್ಷಿಯೂ ಹಾಕ್ತೀರಾ, ಕೊನೇಲಿ ಅಮ್ಮ ಅಂತಲೂ ಹಾಕ್ತೀರಾ" ಎಂದು ಕಮಲಾಕ್ಷಿ ಸೆರಗಿನ ತುದಿಯಿಂದ ಅಂಗಡಿಯ ಬೀಗದ ಕೈ ಬಿಚ್ಚಿ ಮೇಜಿನ ಮೇಲಿಟ್ಟಳು. "ತಗೊಳ್ಳಿ. ನಾನು ನಮ್ಮಣ್ಣನ ಮನೆಗೆ ಹೋಗ್ತೀನಿ."

ಹೆಣ್ಣೊಬ್ಬಳು ಬೀಗದ ಕೈ ಕೆಳಗಿಟ್ಟಳೆಂದರೆ ಅದು ಆಟದ ಮಾತಲ್ಲ. ಈಗ ಮೆಷಿನ್ನು ಓಡಿದರೂ ಪ್ರಯೋಜನವಿಲ್ಲ. ಅದು ಏಕೆ ನಿಂತಿತು ಎಂಬುದಕ್ಕೆ ಸಾಕ್ಷಿ ಬೇಕು, ಸಾಕ್ಷಿ ನನ್ನ ಸೊಂಟದಲ್ಲಿದೆ. ನಾನು ಒಂದು ಸಲ ಚಿತ್ರಾಳ ಮುಖ ನೋಡಿದೆ. ಇವಳ ಕಣ್ಣಲ್ಲಿ ನಾನು ಎಲ್ಲ ತಿಳಿದ ಅಜ್ಜಿ. ಅದು ಇವತ್ತಿಗೆ ಮುಗಿಯಿತು ಅಂದುಕೊಂಡು ಬೀಜ ತೆಗೆದು ಕಮಲಾಕ್ಷಿಯ ಅಂಗೈ ಮೇಲಿಟ್ಟೆ.

"ಇದಮ್ಮಾ ನಿನ್ನ ಕ್ಷಿ ತಿಂದದ್ದು. ಪೆಡಲೊಳಗೆ ಸಿಕ್ತು. ಹಾಕಿದೋಳು ನಾನು" ಎಂದು, ಹಬ್ಬದ ದಿನ ಪೆಡಲಿನ ಮೇಲೆ ಹತ್ತಿ ನಿಂತದ್ದರವರೆಗೆ ಎಲ್ಲ ಹೇಳಿದೆ. ಬಿಚ್ಚಿದ ಪೆಡಲನ್ನೂ ತೋರಿಸಿದೆ. ಚಿತ್ರಾ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡಳು. "ಅಜ್ಜೀ... ನಾನು ಆ ಮನುಷ್ಯನಿಗೆ ಏನೇನು ಅಂದ್ಬಿಟ್ಟೆ ಗೊತ್ತಾ?"

ಕಮಲಾಕ್ಷಿ ಮಾತ್ರ ಬೀಜವನ್ನು ಬೆಳಕಿಗೆ ಹಿಡಿದು, ಉಗುರಿನಿಂದ ಗೀರಿ, ಮೂಸಿದಳು. ತರಕಾರಿ ವ್ಯಾಪಾರದವಳಿಗೆ ಬೀಜದ ವಿಷಯದಲ್ಲಿ ಯಾರೂ ಮೋಸ ಮಾಡಲಾರರು. "ನಿಂಬೆ ಬೀಜವೇ" ಎಂದಳು. ಆಮೇಲೆ ಅವಳ ಹುಬ್ಬು ಮೇಲೇರಿತು. "ಅಮ್ಮಾ, ಹಬ್ಬದ ದಿನ ನೀವು ಎರಡು ಹಣ್ಣು ಸಾಕು ಅಂತ ತಗೊಂಡ್ಹೋಗಿ, ಆಮೇಲೆ ವಾಪಸ್ ಬಂದು ಇನ್ನೊಂದು ಕೇಳಿದ್ರಿ. ಏನಕ್ಕಮ್ಮಾ ಅಂದ್ರೆ 'ಗಾಡಿಗೆ' ಅಂದ್ರಿ. ನಿಮ್ಮನೇಲಿ ಗಾಡಿ ಎಲ್ಲಿದೆ ಅಂತ ನಾನು ಅವತ್ತೆಲ್ಲ ಯೋಚ್ನೆ ಮಾಡ್ದೆ!"

ಅಷ್ಟು ಹೇಳಿ ಅವಳಿಗೆ ನಗು ಬಂತು. ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆಯಿಂದ. ರಂಗಪ್ಪ ನಗಬಹುದೋ ಇಲ್ಲವೋ ತಿಳಿಯದೆ ಹೆಂಡತಿಯ ಮುಖವನ್ನೇ ನೋಡುತ್ತಿದ್ದ. ಅವಳು ಬೀಗದ ಕೈ ಎತ್ತಿ ಮತ್ತೆ ಸೆರಗಿಗೆ ಕಟ್ಟಿಕೊಂಡ ಮೇಲೆಯೇ ಧೈರ್ಯವಾಗಿ ನಕ್ಕ. "ನೀವೂ ಒಬ್ರು. ಹೇಳಿ ಬರ್ಬಾರ್ದಾ? ನೋವಾಯ್ತಾ?" ಎಂದು ಅವಳು ಅವನ ತೋಳನ್ನು ಮೆಲ್ಲಗೆ ಹಿಡಿದುಕೊಂಡಳು. ನಾನು ಆ ಕಡೆ ತಿರುಗಿ ಉಪ್ಪುಕಾಗದ ಹುಡುಕಿದೆ.

ತಗಡು ಉಜ್ಜಿ, ಸ್ಪಿರಿಟ್ಟಿನಲ್ಲಿ ಒರೆಸಿ, ಪೆಡಲ್ ಮುಚ್ಚಿದೆವು. ಚಿತ್ರಾ ಮಾರಿದವನಿಗೆ ಇನ್ನೊಂದು ಫೋನು ಮಾಡಿ ಕ್ಷಮೆ ಕೇಳಿದಳು. ನಿಂಬೆಹಣ್ಣಿನ ವಿಷಯವನ್ನು ಇಂಗ್ಲಿಷಿನಲ್ಲಿ ಹೇಳಲು ಅವಳಿಗೆ ಬಹಳ ಕಷ್ಟವಾಯಿತು. ಬಂದು ಹೊಸ ಸೂಜಿ, ಹೊಸ ಗವಸು ಹಾಕಿಕೊಂಡು ತುಳಿದಳು. ಮೆಷಿನ್ನು ಜೇನುಹುಳದ ಹಾಗೆ ಹಾಡಿತು. ಕ ಬಂತು, ಅದರ ಕೆಳಗೆ ಷದ ಒತ್ತು ಬಂತು, ಮೇಲೆ ಗುಡಿಸು ಬಂತು. ಕಮಲಾಕ್ಷಿ ಒಂದೊಂದು ಗೆರೆಯನ್ನೂ ಬಗ್ಗಿ ಪರೀಕ್ಷಿಸಿದಳು. ಪೂರ್ತಿಯಾದ ಮೇಲೆ ಬೆರಳಿಂದ ಗಾಳಿಯಲ್ಲೇ ತನ್ನ ಹೆಸರು ತಿದ್ದಿ, "ಚೆನ್ನಾಗೈತೆ ತಾಯಿ" ಎಂದು, ಬಳೆ ಮೇಲೆ ಸರಿಸಿ ತನ್ನ ಕೈಯನ್ನೇ ಮೇಜಿನ ಮೇಲಿಟ್ಟಳು. "ನಂಗೂ ಹಾಕು. ಇವರ ಹೆಸರು."

ಆಗ ನನಗಾದ ಸಂತೋಷವನ್ನು ಏನೆಂದು ಹೇಳಲಿ! ಒಂದೇ ದಿನ ಇಬ್ಬರು ಗಿರಾಕಿಗಳು! ಏನಾದರೂ ಮಾಡಲೇಬೇಕೆನ್ನಿಸಿತು. ಕಾಫಿ ತರಲೇ, ಊದುಬತ್ತಿ ಹಚ್ಚಲೇ, ಮೆಷಿನ್ನಿಗೆ ದೃಷ್ಟಿ ತೆಗೆಯಲೇ ಎಂದು ಎರಡು ಹೆಜ್ಜೆ ಒಳಗಿಟ್ಟೆ. ಕಮಲಾಕ್ಷಿ ಕೈ ಎಳೆದುಕೊಂಡಳು. ರಂಗಪ್ಪ ಎದ್ದು ಪೆಡಲಿಗೆ ಅಡ್ಡ ನಿಂತ. ಚಿತ್ರಾ ನನ್ನ ಎರಡೂ ಭುಜ ಹಿಡಿದು, ಕೆನ್ನೆಗೊಂದು ಮುತ್ತು ಕೊಟ್ಟು, "ಅಜ್ಜಿ, ಪೂರ್ತಿ ಹೆಸರು ಆಗೋವರೆಗೂ ನೀನು ಹೊರಗೆ ಕೂತಿರು. ದಮ್ಮಯ್ಯ" ಎಂದು ಹೊಸಿಲು ದಾಟಿಸಿ ಬಾಗಿಲು ಹಾಕಿಕೊಂಡಳು.

ಮೆಟ್ಟಿಲ ಮೇಲೆ ಕೂತೆ. ಹಿಟ್ಟು ಕಲಸಿಕೊಂಡು ಬಂದಿದ್ದ ಪಕ್ಕದ ಮನೆಯಾಕೆ ಸಂಚಿ ಹಿಡಿದು ಹೋಗುತ್ತಿದ್ದವಳು ನಿಂತು, "ಇದೇನ್ರೀ, ಮನೆ ಬಿಟ್ಟು ಬಿಸಿಲಲ್ಲಿ ಕೂತಿದೀರಾ?" ಎಂದು ಕೇಳಿದಳು.

"ಏನ್ ಮಾಡೋದು ಹೇಳಿ," ಎಂದೆ ಸೆರಗು ಸರಿಮಾಡಿಕೊಳ್ಳುತ್ತಾ, "ಮೊಮ್ಮಗಳ ಅಂಗಡೀಲಿ ಎಷ್ಟು ರಷ್ಷು ಅಂದ್ರೆ, ಸ್ವಂತ ಅಜ್ಜಿಗೇ ಒಳಗೆ ಜಾಗ ಇಲ್ಲ!"